ಪೆರುಮಾಳಣ್ಣನ ಓಡದ ದಿನಗಳು

ಬೆಳಗಿನ ಜಾವ ಓಡುತ್ತಿರುವ ಮನುಷ್ಯ ಎಂದರೆ ರೈಲು ತಪ್ಪುತ್ತಿರುವ ಮನುಷ್ಯ, ಬೇರೇನೂ ಅಲ್ಲ ಎಂದು ನಾನು ನಂಬಿದ್ದೆ. ಆ ನಂಬಿಕೆಯ ಬಲದ ಮೇಲೆ ಒಬ್ಬರನ್ನು ನೂರಾರು ಜನರ ಎದುರಿಗೇ ಅಪಹರಿಸಿದ್ದೇನೆ.

ಇದಕ್ಕೆ ನನ್ನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಗಣಿ ಮುಚ್ಚಿದ ಮೇಲೆ ಬೆಳೆದ ಕೆಜಿಎಫ್ ಹುಡುಗರಿಗೆ ಕೆಲಸ ಎಂದರೆ ಬೆಂಗಳೂರು, ಬೆಂಗಳೂರು ಎಂದರೆ ಬೆಳಗಿನ ರೈಲು. ಆ ರೈಲಿನ ಬಾಗಿಲಲ್ಲಿ ನಿಂತವನಿಗೆ ಒಂದು ಧರ್ಮವಿದೆ. ಪಕ್ಕದಲ್ಲಿ ಯಾರಾದರೂ ಓಡಿ ಬರುತ್ತಿದ್ದರೆ ಕೈ ಚಾಚಬೇಕು. ಹೆಸರು ಕೇಳುವ ಹಾಗಿಲ್ಲ. ಹಿಂದಿನ ದಿನ ಸೀಟಿಗಾಗಿ ಕಾಲರು ಹಿಡಿದಾಡಿದ್ದರೂ ಚಾಚಬೇಕು. ನನ್ನನ್ನೂ ಎಷ್ಟೋ ಸಲ ಹೀಗೆ ರಾಗಿ ಮೂಟೆಯ ಹಾಗೆ ಒಳಗೆ ಎಳೆದು ಹಾಕಿದ್ದಾರೆ. ಎಳೆದವರು ಹೆಚ್ಚಾಗಿ ಕದಿರಪ್ಪನವರು. ಕ್ಯಾಸಂಬಳ್ಳಿ ಕಡೆಯವರು, ಬೆಂಗಳೂರಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು, ನಮ್ಮ ಬೋಗಿಯ ಇಸ್ಪೀಟು ಮೇಳಕ್ಕೆ ಯಜಮಾನರು.

ಆವತ್ತು ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಕದಲಿತ್ತು. ಪ್ಲಾಟ್‌ಫಾರಂ ಮೇಲೆ ಒಬ್ಬ ಸಣಕಲು ಮನುಷ್ಯ, ಬಾಗಿಲಿಗೆ ಸಮಸಮವಾಗಿ ಓಡುತ್ತಿದ್ದರು. ನಾನು ಮಣಿಕಟ್ಟು ಹಿಡಿದೆ. ಕದಿರಪ್ಪ ನನ್ನ ಬೆಲ್ಟು ಹಿಡಿದರು. ಆ ಮನುಷ್ಯ ತಲೆ ಆಡಿಸಿ ಏನೋ ಹೇಳಿದರು. ರೈಲು ತಪ್ಪುವವರು ಹೇಗೂ ಏನಾದರೂ ಹೇಳುತ್ತಾರೆ. ಎಳೆದುಬಿಟ್ಟೆವು.

ಒಳಗೆ ಬಂದು ನಿಂತ ಮೇಲೆ ನೋಡಿದರೆ ಚಡ್ಡಿ, ಬನಿಯನ್ನು, ಕಾಲಿಗೆ ಶೂ. ಬ್ಯಾಗಿಲ್ಲ, ಊಟದ ಡಬ್ಬಿಯಿಲ್ಲ.

"ಏನಣ್ಣೋ, ಚಡ್ಡಿಯಾಗೇ ಡ್ಯೂಟೀಗಾ?" ಎಂದರು ಕದಿರಪ್ಪ.

ಆ ಮನುಷ್ಯ ಅವರನ್ನು ಬಿಟ್ಟು ನನ್ನನ್ನು ನೋಡಿದರು. "ನಾನು ಓಡ್ತಿದ್ದೆ ತಂಬಿ."

"ಗೊತ್ತಣ್ಣ. ಅದಕ್ಕೇ ಎಳ್ಕಂಡಿದ್ದು."

"ರೈಲಿಗಲ್ಲ. ಸುಮ್ನೆ ಓಡ್ತಿದ್ದೆ."

ಬೋಗಿಯಲ್ಲಿ ನಗು ಶುರುವಾಯಿತು ನೋಡಿ, ಕೋರಮಂಡಲ್ ಸ್ಟೇಷನ್ನು ಬಂದರೂ ನಿಲ್ಲಲಿಲ್ಲ. ಪಾಪ, ಅಲ್ಲೇ ಇಳಿಯಬೇಕೆಂದು ಆ ಮನುಷ್ಯ ಹೆಣಗಿದರು. ಹತ್ತುವವರ ನೂಕಾಟಕ್ಕೆ ಇನ್ನೂ ಒಳಗೆ ಹೋದರು. ಕೊನೆಗೆ ಇಳಿದಿದ್ದು ಬಂಗಾರಪೇಟೆಯಲ್ಲಿ. ಟಿಕೆಟ್ಟಿಲ್ಲ, ಜೇಬೇ ಇಲ್ಲ. ನಾನು ಕಿಟಕಿಯಿಂದ ಬಗ್ಗಿ ಸಾರಿ ಹೇಳುವಷ್ಟರಲ್ಲಿ ಅವರು ಕುಕ್ಕರುಗಾಲಲ್ಲಿ ಕೂತು ಶೂ ದಾರ ಬಿಗಿದುಕೊಂಡು, ಬಂದ ದಿಕ್ಕಿಗೇ ವಾಪಸು ಓಡುವುದಕ್ಕೆ ಶುರುಮಾಡಿದ್ದರು. ಹದಿನಾಲ್ಕೋ ಹದಿನೈದೋ ಕಿಲೋಮೀಟರು ದಾರಿ. ಹಿಂದೆ ತಿರುಗಿ ನೋಡಲೂ ಇಲ್ಲ.

ಇದರಲ್ಲಿ ನನಗೆ ಚುಚ್ಚಿದ ಸಂಗತಿ ಬೇರೆ. ನಾನು ಬೆಂಗಳೂರಿನ ಮಾಲ್ ಒಂದರಲ್ಲಿ ಓಟದ ಶೂ ಮಾರುವವನು. "ಸಾರ್, ನಿಮ್ಮ ಪಾದ ಒಳಗಡೆ ವಾಲುತ್ತೆ, ನಿಮಗೆ ಈ ಮಾಡೆಲ್ಲೇ ಸರಿ" ಎಂದು ದಿನವಿಡೀ ಮಂಡಿಯೂರಿ ಹೇಳುವುದು ನನ್ನ ಹೊಟ್ಟೆಪಾಡು. ಹಾಗೆ ಹೇಳುವ ನಾನು ಬಂಗಾರಪೇಟೆಯ ಓವರ್‌ಬ್ರಿಡ್ಜ್ ಹತ್ತಿದರೆ ಮಧ್ಯದಲ್ಲಿ ನಿಂತು, ಫೋನು ಬಂದಿದೆ ಎನ್ನುವ ನಟನೆ ಮಾಡಿ ಉಸಿರು ಸುಧಾರಿಸಿಕೊಳ್ಳುತ್ತೇನೆ. ನಮ್ಮೂರಲ್ಲೇ ಒಬ್ಬ ನಿಜವಾದ ಓಟಗಾರ ಎದುರಿಗೆ ಬಂದರೆ, ಅವನನ್ನು ಗುರುತು ಹಿಡಿಯದೆ ರೈಲಿಗೆ ತುಂಬಿದೆ.

ಭಾನುವಾರ ಕ್ಷಮೆ ಕೇಳಲು ಹೋದೆ. ವಿಚಾರಿಸುವುದೇನೂ ಕಷ್ಟವಾಗಲಿಲ್ಲ. "ಓಡೋರಾ? ನೀರು ಬಿಡೋ ಪೆರುಮಾಳ್!" ಎಂದರು ಚಾಂಪಿಯನ್ ರೀಫ್ಸ್‌ನಲ್ಲಿ.

ಪೆರುಮಾಳಣ್ಣ ವಾಲ್ವ್‌ಮ್ಯಾನ್. ಹಳೇ ಗಣಿ ಕಾರ್ಮಿಕರ ಸಾಲುಮನೆಯ ಲೈನುಗಳಿಗೆ ಸರದಿಯ ಮೇಲೆ ನೀರು ಬಿಡುವುದು ಅವರ ಕೆಲಸ. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಮಧ್ಯಾಹ್ನ ಹೊರಟರೆ ಒಂದು ಲೈನಿಗೆ ತಿರುಗಿಸಿ, ಇನ್ನೊಂದಕ್ಕೆ ಮುಚ್ಚಿ ಹಿಂತಿರುಗುವಾಗ ದೀಪ ಹತ್ತಿರುತ್ತದೆ. ವಯಸ್ಸು ಐವತ್ತರ ಆಸುಪಾಸು. ಊರಿಗೆಲ್ಲ ಅವರ ಗುರುತಿದೆ. ಆದರೆ ಊರು ಅವರನ್ನು ಕೇಳುವುದು ಒಂದೇ ಮಾತು: "ಪೆರುಮಾಳ್, ನೀರ್ಯಾವಾಗ?" ಮದುವೆ ಮನೆಯಲ್ಲಿ ಕೇಳುತ್ತಾರೆ, ಸಾವಿನ ಮನೆಯಲ್ಲಿ ಕೇಳುತ್ತಾರೆ. ಓಡುತ್ತಿದ್ದರೆ ಬಾಗಿಲಿಗೆ ಬಂದು, "ಅಯ್ಯೋ, ಎಲ್ಲಿ ಪೈಪ್ ಒಡೀತು?" ಎನ್ನುತ್ತಾರೆ.

ಓಡಲು ಹತ್ತಿದ್ದೂ ಹಾಗೆಯೇ. ಹೆಂಡತಿ ಪುಷ್ಪಕ್ಕ ಮಗಳ ಬಾಣಂತನಕ್ಕೆಂದು ಹೊಸೂರಿಗೆ ಹೋದರು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು, ಮಗು ನೋಡಿಕೊಳ್ಳಲು ಜನ ಬೇಕು, ಅಜ್ಜಿ ಅಲ್ಲೇ ಉಳಿದರು. ಅದು ಒಂದೇ ಕೋಣೆಯ ಮನೆ, ಅಜ್ಜನಿಗೆ ಜಾಗವಿಲ್ಲ. ಜಗಳವೇನಿಲ್ಲ. ಒಂದು ಬೆಳಿಗ್ಗೆ ಎಲ್ಲೋ ಪೈಪು ಒಡೆದಿದೆ ಎಂದು ಫೋನು ಬಂತು. ಪೆರುಮಾಳಣ್ಣ ಓಡಿದರು.

"ಪೈಪ್ ಸರಿ ಮಾಡಿ ಮನೇಗ್ಬಂದ್ರೆ ಎಂಟು ಗಂಟೆ ಆಗೋಗಿತ್ತು ತಂಬಿ. ಅಷ್ಟೊತ್ತು ಎಂಗೆ ಕಳೀತು ಅಂತಾನೇ ಗೊತ್ತಾಗ್ಲಿಲ್ಲ. ಮಾರ್ನೇ ದಿನ ಪೈಪ್ ಒಡೀಲಿಲ್ಲ. ನಾನೇ ಓಡ್ದೆ."

ಆಮೇಲೆ ಅದು ದಿನಚರಿಯಾಯಿತು. ಕತ್ತಲಿರುವಾಗಲೇ ಎದ್ದು ಬಿಸಿನೀರು, ಒಂದು ಬಾಳೆಹಣ್ಣು. ಓಡಿ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ, ಹುರುಳಿಕಾಳು. ರಾತ್ರಿ ಎಂಟೂವರೆಗೆ ದೀಪ ಆರಿಸಿ ಮಲಗುವುದು. ಬೀಡಿ ಬಿಟ್ಟರು. ಬೀಡಿ ಬಿಟ್ಟಿದ್ದರಿಂದ ಬೀಡಿ ಸೇದುವ ಗೆಳೆಯರು ಹೋದರು. ಸಂಜೆಯ ಕ್ವಾರ್ಟರು ಬಿಟ್ಟರು, ಅದರ ಗೆಳೆಯರೂ ಹೋದರು. ರಾತ್ರಿಯ ಮದುವೆ ರಿಸೆಪ್ಷನ್ನಿಗೆ ಹೋಗುವುದಿಲ್ಲ, ನಿದ್ದೆ ಕೆಡುತ್ತದೆ. ಅವರ ಗುಂಡಿಗೆ ಒಳ್ಳೆಯದಾದಷ್ಟೂ ಅವರ ಜಗಲಿ ಬರಿದಾಯಿತು. ನಾವು ಅಂಗಡಿಯಲ್ಲಿ ಗಿರಾಕಿಗಳಿಗೆ ಆರೋಗ್ಯದ ಲಾಭಗಳನ್ನೆಲ್ಲ ಒಪ್ಪಿಸುತ್ತೇವಲ್ಲ, ಇದನ್ನು ಮಾತ್ರ ಹೇಳುವುದಿಲ್ಲ.

ನಾನು ಅವರಿಗೆ ಗುರುವಾಗಲು ಹೊರಟೆ. ಓಡಲು ಬಾರದವನಿಗೆ ಉಳಿಯುವ ಉದ್ಯೋಗ ಅದೊಂದೇ. ಮೊದಲ ದಿನ ಜೊತೆಗೆ ಓಡಿ ಊರಿಗಾಂ ಗೇಟಿನ ಹತ್ತಿರ ಒಂದು ಕಲ್ಲಿನ ಮೇಲೆ ಕೂತವನು, ಅವರು ದಿಬ್ಬ ಸುತ್ತಿಕೊಂಡು ವಾಪಸು ಬಂದಾಗಲೂ ಅಲ್ಲೇ ಕೂತಿದ್ದೆ. ಆದರೂ ಅಂಗಡಿಯ ತರಬೇತಿಯಲ್ಲಿ ಕಲಿತಿದ್ದನ್ನು ಬಿಡದೆ ಹೇಳಿದೆ.

"ಅಣ್ಣ, ದಿನಾ ಅಷ್ಟು ಜೋರಾಗಿ ಓಡ್ಬಾರ್ದು. ವಾರದಾಗೆ ಜಾಸ್ತಿ ಓಟ ನಿಧಾನಕ್ಕೇ ಇರ್ಬೇಕು. ಓಡ್ತಾ ಓಡ್ತಾ ಮಾತಾಡಕ್ಕಾಗ್ಬೇಕು. ಏದುಸಿರು ಬಂದ್ರೆ ಸ್ಪೀಡ್ ಜಾಸ್ತಿ ಅಂತ ಅರ್ಥ."

"ಮಾತಾಡ್ಬೇಕಾ?"

"ಊಂ."

"ಯಾರ ಜೊತೆ?"

ನಾನು ಕಲ್ಲಿನ ಮೇಲೆ ಕೂತಲ್ಲಿಂದಲೇ, "ನಿನ್ನಷ್ಟಕ್ಕೆ ನೀನೇ ಮಾತಾಡ್ಕೋ" ಎಂದೆ.

ಮುಂದಿನ ವಾರ ರೈಲಿನ ಬಾಗಿಲಲ್ಲಿ ನಿಂತಿದ್ದಾಗ ಹಳಿಯ ಪಕ್ಕದ ದಾರಿಯಲ್ಲಿ ಅವರು ಎದುರಾದರು. ನಿಧಾನಕ್ಕೆ ಓಡುತ್ತಿದ್ದರು. ಓಡುತ್ತಾ ಗಟ್ಟಿಯಾಗಿ, ಯಾರೂ ಇಲ್ಲದ ಕಡೆ ಮುಖ ಮಾಡಿ ಹೇಳುತ್ತಿದ್ದರು: "ನಾಳೆ ಬರತ್ತಮ್ಮ. ನಾಳೆ ಸಾಯಂಕಾಲ ಬರತ್ತೆ. ಮೋಟ್ರು ಕೆಟ್ಟಿಲ್ಲ, ಕರೆಂಟಿರ್ಲಿಲ್ಲ. ನಾಳೆ ಬರತ್ತೆ." ಅವರಿಗೆ ಬಾಯಿಪಾಠವಾಗಿದ್ದ ಮಾತು ಅದೊಂದೇ. ಬೋಗಿಯವರು ಹೋ ಎಂದು ನಕ್ಕರು. ನಾನೂ ನಕ್ಕೆ, ಆಮೇಲೆ ಬಂಗಾರಪೇಟೆಯ ತನಕ ಇಸ್ಪೀಟಿನಲ್ಲಿ ಎಲೆ ತಪ್ಪು ಹಾಕುತ್ತಾ ಕೂತೆ.

ಬೆಂಗಳೂರಿನಲ್ಲಿ ನಲವತ್ತೆರಡು ಕಿಲೋಮೀಟರಿನ ಒಂದು ಓಟವಿದೆ, ಚಳಿಗಾಲದಲ್ಲಿ, ಹೆಸರು ಕೊಡೋಣವೇ ಎಂದು ಕೇಳಿದೆ. ಪೆರುಮಾಳಣ್ಣ ಎರಡು ದಿನ ಯೋಚಿಸಿ ಹೂಂ ಎಂದರು. ಅಲ್ಲಿಂದಲೇ ತಾಪತ್ರಯ. ಮೊದಲೇ ದಿನಾ ಓಡುತ್ತಿದ್ದವರು ಈಗ ಇನ್ನೂ ದೂರ ಓಡತೊಡಗಿದರು. ಅರ್ಧ ಮಳೆಗಾಲ ಕಳೆಯುವಷ್ಟರಲ್ಲಿ ಎಡ ಮೊಣಕಾಲಿನ ಕೆಳಗಿನ ಎಲುಬು ನೋಯುವುದಕ್ಕೆ ಶುರುವಾಯಿತು. ವಾಲ್ವ್ ತಿರುಗಿಸಲು ಕಾಲು ಊರಿದರೆ ಮುಖ ಕಿವುಚುತ್ತಿದ್ದರು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೆಬ್ಬೆರಳಿನಿಂದ ಎಲುಬಿನ ಉದ್ದಕ್ಕೂ ಒತ್ತುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. ಪೆರುಮಾಳಣ್ಣ ಮೇಜು ಹಿಡಿದುಕೊಂಡರು.

"ಕಾಲೆಲ್ಲಾ ಒಂದೇ ಸಮ ನೋವಿದ್ರೆ ಭಯ ಇಲ್ಲ. ಒತ್ತಿದಾಗ ಹೀಗೆ ಒಂದೇ ಬೊಟ್ಟಿನಷ್ಟು ಜಾಗದಲ್ಲಿ ಜೀವ ಹೋದ್ರೆ ಎಲುಬು ಬಿರುಕು ಬಿಡೋಕೆ ರೆಡಿ ಆಗಿದೆ ಅಂತ. ಎರಡು ತಿಂಗಳು ಓಡೋ ಹಾಗಿಲ್ಲ. ಆಮೇಲೂ ವಾರಕ್ಕೆ ಎರಡು ದಿನ ರೆಸ್ಟು. ಎಲುಬು ಗಟ್ಟಿಯಾಗೋದು ಓಡುವಾಗ ಅಲ್ಲಪ್ಪ, ಸುಮ್ಮನಿದ್ದಾಗ. ಮಾತು ಕೇಳದೆ ಓಡಿದ್ರೆ ಮುರಿಯುತ್ತೆ. ಈ ವಯಸ್ಸಲ್ಲಿ ಮುರಿದ್ರೆ ಓಟ ಮರೆತುಬಿಡಿ."

ಆ ಸಂಜೆ ಪುಷ್ಪಕ್ಕನ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಹಿಂದೆ ಮಗುವಿನ ಅಳು, ಕುಕ್ಕರಿನ ಸೀಟಿ. "ಯಾಕ್ ಬೇಕು ನಿಂಗೀ ವಯಸ್ನಾಗೆ? ಕಾಲು ಮುರ್ಕೊಂಡು ಬಿದ್ರೆ ನೋಡ್ಕಳೋರ್ಯಾರು? ನಾನಂತೂ ಮಗೂನ ಬಿಟ್ಟು ಬರಕ್ಕಾಗಲ್ಲ" ಎಂದಿದ್ದು ನನಗೂ ಕೇಳಿಸಿತು. ಕೋಪವೇನಲ್ಲ, ಇದ್ದ ಸಂಗತಿ. ಪೆರುಮಾಳಣ್ಣ, "ಓಡಲ್ಲ ಬಿಡು" ಎಂದರು.

ಓಡಿದರು. ನನಗೆ ಗೊತ್ತಾಗಿದ್ದು ಶೂನಿಂದ. ಚಿನ್ನ ತೆಗೆದು ಉಳಿದ ಗಣಿ ಮಣ್ಣು ಸುರಿದ ಸೈನೈಡ್ ದಿಬ್ಬದ ಬುಡದ ದಾರಿಯಲ್ಲಿ ಹೋದರೆ ಆ ಬೂದು ಪುಡಿ ಹಿಮ್ಮಡಿಗೆ ಮೆತ್ತಿಕೊಳ್ಳುತ್ತದೆ, ತೊಳೆದರೂ ಹೊಲಿಗೆಯೊಳಗೆ ಉಳಿಯುತ್ತದೆ. ದಿನವಿಡೀ ಪರರ ಪಾದ ನೋಡುವುದೇ ಕಸುಬಾದವನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

"ಅಣ್ಣ, ಓಡಿದ್ಯಾ?"

"ನಡ್ದೆ."

"ನಡೆದ್ರೆ ಹಿಮ್ಮಡಿ ಮೇಲ್ಗಂಟ ಎಗರಲ್ಲ ಧೂಳು."

ಅವರು ಶೂ ಎತ್ತಿ ಮಂಚದ ಕೆಳಗೆ ತಳ್ಳಿದರು. ಆಗ ನನಗೆ ಸಿಟ್ಟು ಬಂತು. ಮುಂದಿನ ಭಾನುವಾರ ಕಾವಲು ಕಾಯುವವನ ಹಾಗೆ ಬೆಳಕು ಹರಿಯುವ ಮೊದಲೇ ಅವರ ಮನೆಗೆ ಹೋಗಿ ಕೂತೆ. ಸುಮ್ಮನಿರುವುದಕ್ಕೇನು ಮಹಾ ಕಷ್ಟ, ನಾನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಿದ್ದೇನೆ ಎಂಬ ಧೈರ್ಯ.

ಲೈನಿನ ಮನೆ. ಒಂದು ಕೋಣೆ, ತಟ್ಟಿ ಕಟ್ಟಿದ ಅಡುಗೆಯ ಮೂಲೆ, ಮೇಲೆ ತಗಡು. ಪುಷ್ಪಕ್ಕನ ಸೀರೆಗಳು ಹಗ್ಗದ ಮೇಲೆ ಮಡಿಸಿದ ಹಾಗೇ ಇದ್ದವು. ಅಂಬಲಿ ಕುಡಿದೆವು. ಲೋಟ ತೊಳೆದರು. ತೊಳೆದ ಲೋಟವನ್ನು ಮತ್ತೊಮ್ಮೆ ಒರೆಸಿದರು. ಬಾಗಿಲಿಗೆ ಹೋಗಿ ನಿಂತರು, ಒಳಗೆ ಬಂದರು. ಎದುರು ಮನೆಯಿಂದ ಒಬ್ಬಾಕೆ ಇಣುಕಿ, "ಪೆರುಮಾಳ್, ನೀರು?" ಎಂದರು. ಪೆರುಮಾಳಣ್ಣ "ನಾಳೆ" ಎಂದರು. ಆಕೆ ಹೋದರು. ತಗಡು ಕಾದು ಟಿಕ್ ಟಿಕ್ ಎನ್ನತೊಡಗಿತು. ಇಷ್ಟೆಲ್ಲ ಆಗಿ, ಮಧ್ಯಾಹ್ನವೇ ಆಗಿರಬೇಕು ಎಂದುಕೊಂಡು ನಾನು ಫೋನು ನೋಡಿದರೆ ಇನ್ನೂ ಎಂಟೂಕಾಲು. ಒಂಬತ್ತಕ್ಕೆ, ನನಗೆ ತುರ್ತು ಕೆಲಸವಿದೆ ಎಂದು ಸುಳ್ಳು ಹೇಳಿ ಎದ್ದೆ. ಬಾಗಿಲಲ್ಲಿ ಪೆರುಮಾಳಣ್ಣ, "ನಿನಗೆ ಆಗ್ಲಿಲ್ಲ ನೋಡು" ಎಂದರು. ಅವರ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ.

ಈ ಮನುಷ್ಯ ಮನೆಯೊಳಗೆ ಕೂತರೆ ಎಲುಬು ಕೂಡುತ್ತದೆ, ಉಳಿದದ್ದು ಒಡೆಯುತ್ತದೆ. ಓಡಿದರೆ ತಿರುಗುಮುರುಗು. ಏನು ಮಾಡುವುದೆಂದು ನಾನು ರೈಲಿನಲ್ಲಿ ಬಾಯಿಬಿಟ್ಟೆ. ಕದಿರಪ್ಪ ಎಲೆ ಕಲಸುತ್ತಾ ಅಂದರು, "ಏಮಿರಾ ನೀನು, ಸುಲಭಕ್ಕೆ ಓಗೋದ್ನ ಕಷ್ಟ ಮಾಡ್ತೀಯ. ಒಂದ್ಸಲ ಎಳ್ಕಂಡಿಲ್ವಾ? ಇನ್ನೊಂದ್ಸಲ ಎಳ್ಕೊಳ್ಲಾ!"

ಎಳೆದುಕೊಂಡೆವು. ಈ ಸಲ ಅವರು ನಿಂತಿದ್ದರು, ರೈಲೂ ನಿಂತಿತ್ತು, ಕೈಯಲ್ಲಿ ಟಿಕೆಟ್ಟಿತ್ತು. ಆದರೂ ಧರ್ಮ ಬಿಡಬಾರದೆಂದು ನಾನು ಮಣಿಕಟ್ಟು ಹಿಡಿದೇ ಹತ್ತಿಸಿದೆ. ಬಂಗಾರಪೇಟೆಯ ತನಕ ನಮ್ಮ ಜೊತೆ, ಅಲ್ಲಿ ಪ್ಲಾಟ್‌ಫಾರಂ ಮೇಲೆ ಬುಟ್ಟಿಯಲ್ಲಿ ಮಾರುವ ಮುನಿಲಕ್ಷ್ಮಿಯ ಇಡ್ಲಿ, ಆಮೇಲೆ ವಾಪಸು ಗಾಡಿಗೆ ಮನೆ. ಓಡದ ದಿನಗಳಿಗೆಲ್ಲ ಇದೇ ಏರ್ಪಾಡು.

ಬೋಗಿಯವರು ಮೊದಲು ಕೇಳಿದ್ದು ನೀರ್ಯಾವಾಗ ಎಂದೇ. ಕದಿರಪ್ಪ ಗದರಿದರು: "ಲೇ, ಡ್ಯೂಟಿ ಮಾತು ಬೇಡ ಕಣ್ಲಾ. ಅವ್ರು ರಜದ ಮೇಲವ್ರೆ." ಎಲೆ ಹಂಚಿದರು. ಪೆರುಮಾಳಣ್ಣನಷ್ಟು ಕೆಟ್ಟದಾಗಿ ಇಸ್ಪೀಟು ಆಡುವವರನ್ನು ನಾನು ಕಂಡಿಲ್ಲ. ಒಳ್ಳೆಯ ಎಲೆ ಬಂದರೆ ಎದುರಿನವನಿಗೆ ತೋರಿಸಿಯೇ ಬಿಡುತ್ತಿದ್ದರು.

"ಅಣ್ಣೋ, ಎಲೆ ಮುಚ್ಕೋ!"

"ಯಾಕೆ, ನೋಡ್ಲಿ ಬಿಡು."

ಅವರು ಬದಲಾದರು, ಬೋಗಿಯೊಂದು ಸಂಸಾರವಾಯಿತು ಎಂದೆಲ್ಲ ನಾನು ಬರೆಯಲಾರೆ. ಅಷ್ಟು ಮಾತಾಡುತ್ತಿರಲಿಲ್ಲ. ಬಂಗಾರಪೇಟೆಯಲ್ಲಿ ನಾವು ಮುಂದೆ ಹೋಗುವಾಗ ಪ್ಲಾಟ್‌ಫಾರಮ್ಮಿನಲ್ಲಿ ಇಡ್ಲಿಯ ಎಲೆ ಹಿಡಿದು ನಿಂತಿರುತ್ತಿದ್ದರು. ರೈಲು ತಿರುವಿಗೆ ಬರುವ ತನಕ ನಾನು ಬಾಗಿಲಿಂದ ನೋಡುತ್ತಿದ್ದೆ. ಒಬ್ಬರೇ, ಉದ್ದನೆಯ ಪ್ಲಾಟ್‌ಫಾರಮ್ಮು. ಆದರೆ ಹಿಮ್ಮಡಿಯ ಮೇಲೆ ಧೂಳಿರಲಿಲ್ಲ. ಎರಡು ತಿಂಗಳ ಮೇಲೆ ಡಾಕ್ಟರು ಒತ್ತಿ ನೋಡಿ, ನಿಧಾನಕ್ಕೆ ಶುರುಮಾಡಿ ಎಂದರು.

ಶುರುಮಾಡಿದರು. ಈಗ ಲೆಕ್ಕ ತಪ್ಪಲಿಲ್ಲ. ಮೊದಲು ನಡಿಗೆ, ನಡುನಡುವೆ ಚೂರು ಓಟ, ವಾರ ಕಳೆದ ಹಾಗೆ ಇನ್ನು ಚೂರು. ರಸ್ತೆ ಒಂದೇ ಬದಿಗೆ ಇಳಿಜಾರು, ನೀನು ಯಾವಾಗಲೂ ಅದೇ ಅಂಚಿನಲ್ಲಿ ಓಡಿ ಶೂವಿನ ಹೊರಗಡೆ ಸವೆಸಿದ್ದೀಯ, ಬರುವಾಗ ಬದಿ ಬದಲಿಸು ಎಂದು ನಾನು ಹೇಳಿದ್ದನ್ನೂ ಕೇಳಿದರು. ನನ್ನ ಜೀವಮಾನದಲ್ಲಿ ಒಬ್ಬರು ನನ್ನ ಮಾತು ಕೇಳಿದ ದಾಖಲೆ ಅದೊಂದೇ ಇರಬೇಕು. ವಾರಕ್ಕೆ ಎರಡು ದಿನ ರೈಲು. ಪ್ರತಿ ಓಟದ ಮೇಲೆ ಕೂತು, ಹೆಬ್ಬೆರಳಿನಿಂದ ಆ ಬೊಟ್ಟಿನಷ್ಟು ಜಾಗ ಒತ್ತಿ ನೋಡಿಕೊಳ್ಳುವುದು. ಕೆಲವರು ಮಲಗುವಾಗ ದೇವರಿಗೆ ಕೈ ಮುಗಿಯುತ್ತಾರಲ್ಲ, ಹಾಗೆ.

ಓಟದ ಹಿಂದಿನ ದಿನ ಬೆಂಗಳೂರಿಗೆ ಕರೆದುಕೊಂಡು ಹೋಗಿ, ಮ್ಯಾನೇಜರನ್ನು ಕಾಡಿಬೇಡಿ ನಮ್ಮ ಅಂಗಡಿಯ ಗೋಡೌನಿನಲ್ಲೇ ಮಲಗಿಸಿದೆ. ಹೊರಡುವ ಮೊದಲು ಕದಿರಪ್ಪ, "ಪದಕ ತರ್ದಿದ್ರೆ ರೈಲಿಗೆ ಅತ್ತಿಸ್ಕೊಳ್ಳಲ್ಲ ನೋಡು" ಎಂದು ಹೆದರಿಸಿ ಕಳಿಸಿದ್ದರು.

ಬೆಳಿಗ್ಗೆ ನಾನು ಓಟ ಮುಗಿಯುವ ಕಡೆ ಮೊಸರನ್ನದ ಡಬ್ಬಿ, ಬಾಳೆಹಣ್ಣು ಹಿಡಿದು ನಿಂತೆ. ಸುತ್ತ ಎಲ್ಲರ ಮನೆಯವರೂ ಇದ್ದರು. ಬಣ್ಣದ ರಟ್ಟಿನ ಮೇಲೆ ಅಪ್ಪನ ಹೆಸರು ಬರೆದುಕೊಂಡ ಮಕ್ಕಳು, ಗಂಟೆ ಬಾರಿಸುವ ಹೆಂಡತಿಯರು. ನನ್ನ ಹತ್ತಿರ ಡಬ್ಬಿ ಬಿಟ್ಟು ಬಡಿಯಲು ಬೇರೇನೂ ಇರಲಿಲ್ಲ. ಬಿಸಿಲು ಏರಿದ ಮೇಲೆ ಫೋನು ಬಂತು.

"ತಂಬಿ, ಕೆರೆ ಏರಿ ಪಕ್ಕ ಕೂತಿದ್ದೀನಿ. ನಿಲ್ಲಿಸ್ಬಿಟ್ಟೆ."

ಆಟೋ ಹಿಡಿದು ಹೋದೆ. ಅರ್ಧ ದಾಟಿ ಇನ್ನೂ ಕೊಂಚ ಮುಂದೆ, ಫುಟ್‌ಪಾತಿನ ಮೇಲೆ, ಎಡಗಾಲಿನ ಶೂ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಕಿತ್ತಳೆ ಹಣ್ಣು ಬಿಡಿಸುತ್ತಾ ಕೂತಿದ್ದರು. ಮುಖದಲ್ಲಿ ಆಯಾಸವಿರಲಿಲ್ಲ, ಬೆವರು ಕೂಡ ಹದವಾಗಿತ್ತು. ಹಸಿರು ಟೀಶರ್ಟಿನ ಸ್ವಯಂಸೇವಕಿಯೊಬ್ಬಳು ಪುಸಲಾಯಿಸುತ್ತಿದ್ದಳು: "ಅಂಕಲ್, ಇನ್ನೂ ಎಷ್ಟೊಂದು ಟೈಮಿದೆ. ನಡ್ಕೊಂಡೇ ಹೋದ್ರೂ ಮೆಡಲ್ ಸಿಗುತ್ತೆ. ಇಷ್ಟು ದೂರ ಬಂದಿದೀರ!"

"ನೀನು ಓಗಮ್ಮ, ಬಿಸ್ಲು" ಎಂದರು ಪೆರುಮಾಳಣ್ಣ.

ನಾನು ಕೂತು ಎಡಗಾಲಿನ ಎಲುಬಿನ ಮೇಲೆ ಹೆಬ್ಬೆರಳು ಇಟ್ಟೆ. ಒತ್ತುವ ಮೊದಲೇ ಅವರು ನನ್ನ ಕೈ ತಳ್ಳಿದರು. "ಅದೇ ಜಾಗ" ಎಂದರು. ಅಷ್ಟೇ. ಅರ್ಧ ಕಿತ್ತಳೆ ನನಗೆ ಕೊಟ್ಟರು.

ಸಂಜೆಯ ರೈಲು. ಭಾನುವಾರವಾದ್ದರಿಂದ ಬೋಗಿ ಬಹುತೇಕ ಖಾಲಿ, ನಮ್ಮ ಮೇಳದವರು ಯಾರೂ ಇಲ್ಲ. ಪೆರುಮಾಳಣ್ಣ ಕಿಟಕಿಯ ಪಕ್ಕ ಕೂತು ಎಡಗಾಲನ್ನು ಎದುರಿನ ಸೀಟಿನ ಮೇಲೆ ನೀಡಿದ್ದರು. ಎದೆಯ ಮೇಲೆ ಪಿನ್ನು ಹಾಕಿದ ನಂಬರು ಹಾಗೇ ಇತ್ತು. ಬಂಗಾರಪೇಟೆ ದಾಟಿತು. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ನಾಳೆ ಕದಿರಪ್ಪ ಎಲ್ಲರೆದುರು ಕೇಳೇ ಕೇಳುತ್ತಾರೆ, ಅದರ ಬದಲು ನಾನೇ ಕೇಳಿಬಿಡುವುದು ವಾಸಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆ ಗಂಟೆ, ಆ ರಟ್ಟುಗಳ ನಡುವೆ ಡಬ್ಬಿ ಹಿಡಿದು ನಿಂತಿದ್ದವನಿಗೂ ಸ್ವಲ್ಪ ಪದಕ ಬೇಕಾಗಿತ್ತು.

"ಅಣ್ಣ, ಒಂದ್ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬೇಡ."

"ಕೇಳು."

"ಇನ್ನೂ ಟೈಮಿತ್ತು. ನಡೆದೇ ಮುಗಿಸ್ಬೋದಿತ್ತು. ಎದ್ರುಕೊಂಡು ನಿಲ್ಲಿಸ್ಬಿಟ್ಯಾ?"

ಪೆರುಮಾಳಣ್ಣ ಹೊರಗೆ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು.

"ಊಂ, ಎದ್ರುಕೊಂಡೆ. ಕಾಲೋದ್ರೆ ನಾಳೆ ಬೆಳಿಗ್ಗೆ ಎದ್ದು ನಾನೆಲ್ಲಿಗೋಗ್ಲಿ? ನಿಮ್ಮನೇಗಾ?"